ಹೋಳಾದರೆ ಮಕ್ಕಳಿಗೆ

ತಾತನ ಮನೆಯಲ್ಲಿ ನಾವು ಮಲಗುತ್ತಿದ್ದದ್ದು ಎರಡು ಸಾವಿರ ತೆಂಗಿನಕಾಯಿಯ ಕೆಳಗೆ. ನಡುಮನೆಗೆ ಅಡ್ಡಡ್ಡ ತೊಲೆ, ತೊಲೆಯ ಮೇಲೆ ಬಿದಿರಿನ ಗಳು, ಅದರ ಮೇಲೆ ಸಿಪ್ಪೆ ಸಮೇತ ರಾಶಿ ಹಾಕಿದ ಕಾಯಿ. ಗಾಳಿಯಾಡಲಿ ಅಂತ ಗಳುಗಳ ನಡುವೆ ಸಂದು ಬಿಟ್ಟಿರುತ್ತಿದ್ದರು. ಬಾಯಿ ತೆರೆದು ಮಲಗುವ ಅಭ್ಯಾಸ ಇದ್ದವರ ಬಾಯಿಗೆ ಬೆಳಗಾಗುವಷ್ಟರಲ್ಲಿ ಒಂದಿಷ್ಟು ನಾರಿನ ಪುಡಿ ಬಿದ್ದಿರುತ್ತಿತ್ತು. ರಾತ್ರಿ ಇಲಿ ಓಡಿದರೆ ಒಂದು ಕಾಯಿ ಜರುಗಿ ಇನ್ನೊಂದಕ್ಕೆ ತಾಗಿ, ಅದು ಮತ್ತೊಂದಕ್ಕೆ ತಾಗಿ, ಮನೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಲೊಡಲೊಡ ಸದ್ದು.

ಬೆಂಗಳೂರಿನಿಂದ ಹೋದ ಮೊದಲ ರಾತ್ರಿ ಪ್ರತಿ ವರ್ಷವೂ ನನಗೆ ನಿದ್ದೆ ಬರುತ್ತಿರಲಿಲ್ಲ. ಅಜ್ಜಿ ನಿದ್ದೆಗಣ್ಣಲ್ಲೇ, "ಇಲಿ ಕಣ್ಮಗ, ಮಲೀಕೊ" ಅನ್ನುತ್ತಿದ್ದಳು.

"ತಲೆ ಮೇಲೆ ಬಿದ್ರೆ?"

"ಅದುಕ್ಕೆ ಮೂರು ಕಣ್ಣೈತೆ. ನಿಂಗಿಂತ ಒಂದು ಜಾಸ್ತಿ. ನೋಡ್ಕಂಡೇ ಬೀಳ್ತದೆ."

ಈ ಮಾತಿಗೆ ಎದುರಾಡಲು ನನ್ನಲ್ಲಿ ಏನೂ ಇರಲಿಲ್ಲ. ಮೂರನೇ ರಾತ್ರಿಗೆ ಆ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ರಜೆ ಮುಗಿಸಿ ಬೆಂಗಳೂರಿಗೆ ಬಂದರೆ ಇಲ್ಲಿನ ಆರ್‌ಸಿಸಿ ಚಾವಣಿ ಏನೂ ಮಾತಾಡದೆ ಸುಮ್ಮನೆ ನಮ್ಮನ್ನೇ ನೋಡುತ್ತಿತ್ತು.

ಏಪ್ರಿಲ್ 10ಕ್ಕೆ ಪಾಸು-ಫೇಲು ಗೊತ್ತಾದರೆ 11ಕ್ಕೆ ನಾವು ರೈಲಿನಲ್ಲಿ. ಅಪ್ಪ ಬರುತ್ತಿರಲಿಲ್ಲ, ಅವರಿಗೆ ರಜೆ ಇಲ್ಲ. ಅಮ್ಮ, ನಾನು, ತಂಗಿ, ಒಂದು ಟ್ರಂಕು. 90ರ ದಶಕದಲ್ಲಿ ಹಳಿ ಅಗಲ ಮಾಡುವವರೆಗೂ ಅದು ಮೀಟರ್ ಗೇಜ್. ಅರಸೀಕೆರೆ ಕಡೆಯ ಪ್ಯಾಸೆಂಜರ್ ಕಂಡ ಕಂಡ ಕಡೆ ನಿಂತು ಸುಧಾರಿಸಿಕೊಳ್ಳುತ್ತಿತ್ತು. ತುಮಕೂರು ದಾಟಿದರೆ ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್. ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಂಡ ಕೂಡಲೇ ಅಮ್ಮ ಚೀಲದ ಬಾಯಿ ಕಟ್ಟಲು ಶುರು ಮಾಡುತ್ತಿದ್ದಳು, ನಾವು ಇಳಿಯುವ ತಿಪಟೂರಿಗೆ ಇನ್ನೂ ನಾಲ್ಕು ಸ್ಟೇಷನ್ ಇದ್ದರೂ. ಮುಂದೆ ಅರಳಗುಪ್ಪೆ. ಆ ಊರಿನಲ್ಲಿ 9ನೇ ಶತಮಾನದ ಕಲ್ಲೇಶ್ವರ ಗುಡಿ ಇದೆ, ಅದರ ಚಾವಣಿಯ ಕಲ್ಲಿನಲ್ಲಿ ನಟರಾಜ ಕುಣಿಯುತ್ತಾನೆ, ಸುತ್ತ ಅಷ್ಟದಿಕ್ಪಾಲಕರು ಕೂತಿದ್ದಾರೆ ಅಂತ ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ. ಆಗ ಅರಳಗುಪ್ಪೆ ಅಂದರೆ ಕಡಲೆಕಾಯಿ ಬುಟ್ಟಿಯವಳು ಹತ್ತುವ ಸ್ಟೇಷನ್. ಕತ್ತೆತ್ತಿ ನೋಡಬೇಕಾದ ಚಾವಣಿ ಅಂತ ಆ ಸೀಮೆಯಲ್ಲಿ ನಮಗೆ ಗೊತ್ತಿದ್ದದ್ದು ಒಂದೇ.

ತಿಪಟೂರಿನ ಕೊಬ್ಬರಿ ಅಂದರೆ ಉಂಡೆ ಕೊಬ್ಬರಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತೆಂಗು ಬೆಳೆಯುವ ಬೇರೆ ಸೀಮೆಯವರಿಗೂ ಇದು ಅಷ್ಟಾಗಿ ಗೊತ್ತಿರುವುದಿಲ್ಲ. ಎಣ್ಣೆ ಗಾಣಕ್ಕೆ ಹೋಗುವ ಬಟ್ಟಲು ಕೊಬ್ಬರಿಗಾದರೆ ಕಾಯಿ ಒಡೆದು ಬಿಸಿಲಿಗೆ ಹಾಕಿದರೆ ಕೆಲವೇ ದಿನದಲ್ಲಿ ಕೆಲಸ ಮುಗಿಯಿತು. ನಮ್ಮ ಕಡೆ ಒಡೆಯುವುದೇ ಇಲ್ಲ. ಮರದಲ್ಲೇ ಚೆನ್ನಾಗಿ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡಬೇಕು. ಹತ್ತು ತಿಂಗಳು, ಹನ್ನೊಂದು ತಿಂಗಳು, ಕೆಲವೊಮ್ಮೆ ವರ್ಷ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಒಣಗುತ್ತದೆ, ಕೊನೆಗೊಂದು ದಿನ ಚಿಪ್ಪಿನಿಂದ ಬಿಟ್ಟುಕೊಂಡು ಒಳಗೇ ಉಂಡೆಯಾಗಿ ಉರುಳುತ್ತದೆ. ಅದೇ ಗಿಟುಕು.

ತಾತ ಇದನ್ನೆಲ್ಲ ಕಿವಿಯಲ್ಲೇ ನೋಡುತ್ತಿದ್ದರು. ಏಣಿ ಹತ್ತಿ ನಿಂತು, ಕೈಗೆ ಸಿಕ್ಕ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುವುದು. ಹೊಸ ಕಾಯಿಯಾದರೆ ನೀರು ಗುಳುಗುಳು ಅನ್ನುತ್ತದೆ. ತಿಂಗಳುಗಳು ಕಳೆದ ಮೇಲೆ ಏನೂ ಅನ್ನುವುದಿಲ್ಲ. ನೀರು ಹೋಗಿದೆ, ತಿರುಳು ಇನ್ನೂ ಚಿಪ್ಪನ್ನು ಬಿಟ್ಟಿಲ್ಲ. ಕಡೆಗೆ ಗಟಗಟ. ಆ ನಡುವಿನ ಸದ್ದಿಲ್ಲದ ಕಾಯಿ ಒಡೆದರೆ ಕೆಟ್ಟಿತು, ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರುಚೂರಾಗುತ್ತದೆ. "ಸಾಲಗಾರ ಬಾಗ್ಲಲ್ಲಿ ನಿಂತಿದ್ರೆ ಮಾತ್ರ ಇಂಥ ಕಾಯಿ ಒಡಿತಾರೆ" ಅನ್ನುತ್ತಿದ್ದರು ತಾತ. ಎಷ್ಟು ಸಲ ಅವರೇ ಹಾಗೆ ಒಡೆದಿದ್ದರೋ, ಹೇಳಲಿಲ್ಲ.

ಕಾಯಿ ವರ್ಷವಿಡೀ ಬರುತ್ತದಾದರೂ ಬೇಸಿಗೆಯ ಕೊಯ್ಲು ದೊಡ್ಡದು. ಹಾಗಾಗಿ ಹೋದ ರಜೆಯಲ್ಲಿ ನಾವು ಕೈಯಾರೆ ಏರಿಸಿದ ಕಾಯಿ ಈ ರಜೆಗೆ ಇಳಿಯುತ್ತಿತ್ತು. ಅಂಗಳದಿಂದ ಮಾವ ಎಸೆಯುವುದು, ಜಗಲಿಯಿಂದ ನಾನು ಹಿಡಿದು ಏಣಿಯ ಮೇಲಿದ್ದ ತಾತನಿಗೆ ದಾಟಿಸುವುದು. ತಾತ ಎಣಿಸುತ್ತಿದ್ದರು. ಒಂದು ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದರು. ಲಾಭ, ಎರಡು, ಮೂರು, ನಾಲ್ಕು. ಏಳು ಬಂದರೆ "ಹೆಚ್ಚು". ಮನೆಗೆ ಬಂದ ಕಾಯಿಗೆ ಯಾರಾದರೂ 'ಏಳು' ಅನ್ನುತ್ತಾರೆಯೇ! ನಾನು ಎರಡನೇ ಕ್ಲಾಸಿನ ಗಣಿತದ ಪರೀಕ್ಷೆಯಲ್ಲಿ ಒಂದು ಬರೆಯಬೇಕಾದ ಕಡೆ ಲಾಭ ಅಂತ ಬರೆಯದೇ ಇದ್ದದ್ದು ಆಶ್ಚರ್ಯ.

ಒಂದು ವರ್ಷ ಒಂದು ದೊಡ್ಡ ಕಾಯಿ ಆರಿಸಿ ಇದ್ದಿಲಿನಿಂದ ಅದರ ಮೇಲೆ ನನ್ನ ಹೆಸರು ಬರೆದೆ. ತಂಗಿಯೂ ಬರೆದಳು, ಅವಳಿಗೆ ಆಗ ಹೆಸರಿನ ಮೊದಲಕ್ಷರ ಮಾತ್ರ ಬರುತ್ತಿತ್ತು. ಇಡೀ ವರ್ಷ ಬೆಂಗಳೂರಿನಲ್ಲಿ ಆ ಕಾಯಿಯ ಯೋಚನೆ. ಈಗ ನೀರು ಇಂಗಿರಬಹುದು, ಈಗ ಸದ್ದು ನಿಂತಿರಬಹುದು. ಮುಂದಿನ ಏಪ್ರಿಲ್‌ನಲ್ಲಿ ಚಪ್ಪಲಿ ಬಿಡುವ ಮೊದಲೇ ಏಣಿ ಹತ್ತಿದೆ. ಹೆಸರು ಮಾಸಿದ್ದರೂ ಕಾಯಿ ಸಿಕ್ಕಿತು, ಗಟಗಟ ಅಂತು. ಸುಲಿಯುವವರು ಬಂದರು, ಹಾರೆಗೆ ಚುಚ್ಚಿ ಮೂರು ಎಳೆತಕ್ಕೆ ಸಿಪ್ಪೆ ತೆಗೆದರು. ಹೆಸರು ಸಿಪ್ಪೆಯ ಜೊತೆ ಹೋಯಿತು, ಕಾಯಿ ಮಿಕ್ಕ ಕಾಯಿಗಳ ರಾಶಿಗೆ ಬಿತ್ತು. ಯಾವುದು ನನ್ನದು ಅಂತ ಆಮೇಲೆ ಯಾರಿಗೂ ಗೊತ್ತಾಗಲಿಲ್ಲ. ಹೆಸರಿದ್ದ ಸಿಪ್ಪೆಯನ್ನು ಅಜ್ಜಿ ಅಂದು ಸಂಜೆ ನೀರೊಲೆಗೆ ಹಾಕಿದಳು, ಅದರಲ್ಲೇ ಕಾದ ನೀರಲ್ಲಿ ನನಗೆ ಸ್ನಾನ ಮಾಡಿಸಿದಳು.

ಚಿಪ್ಪು ಒಡೆಯುವುದು ಹೆಂಗಸರ ಕೆಲಸ. ಅದರಷ್ಟು ನಾಜೂಕಿನ ಕೆಲಸ ಆ ಮನೆಯಲ್ಲಿ ಇನ್ನೊಂದು ಇರಲಿಲ್ಲ. ಸಣ್ಣ ಮಚ್ಚಿನಿಂದ ಕಾಯಿಯ ಸುತ್ತ ತಟ್ಟುತ್ತಾ ಹೋದರೆ ಕರಟ ಬಿಟ್ಟುಕೊಂಡು ಉಂಡೆ ಇಡಿಯಾಗಿ ಹೊರಗೆ ಬರಬೇಕು. ಏಟು ಒಂದು ಕೂದಲೆಳೆ ಜಾಸ್ತಿಯಾದರೂ ಉಂಡೆಗೆ ಮಚ್ಚು ತಾಗಿ ಹೋಳಾಯಿತು. ಇಡೀ ಉಂಡೆಗೆ ಒಂದು ಬೆಲೆ, ಹೋಳಿಗೆ ಇನ್ನೊಂದು. ಹಾಗಾಗಿ ಆ ಮನೆಯಲ್ಲೊಂದು ಕಾನೂನಿತ್ತು: ಉಂಡೆ ಮಂಡಿಗೆ, ಹೋಳಾದರೆ ಮಕ್ಕಳಿಗೆ.

ನಾವು ಅಂಗಳದಲ್ಲಿ ಆ ಹೆಂಗಸರ ಸುತ್ತ ಕಾಗೆಗಳ ಹಾಗೆ ಕೂತಿರುತ್ತಿದ್ದೆವು. ಒಳಗೊಳಗೇ ಹರಕೆ: ಒಡೀಲಿ, ಒಡೀಲಿ. ಅವರಲ್ಲಿ ಒಬ್ಬಾಕೆ ವಯಸ್ಸಾದವಳು, ಕೈ ಪಳಗಿದವಳು. ಸಾಲಾಗಿ ಐವತ್ತು ಉಂಡೆ ಗೀರಿಲ್ಲದ ಹಾಗೆ ತೆಗೆಯುತ್ತಿದ್ದಳು. ಆಮೇಲೆ ತಾತ ಅತ್ತ ತಿರುಗಿದಾಗ ನಮ್ಮ ಕಡೆ ಒಮ್ಮೆ ನೋಡಿ ಟಕ್ ಅಂತ ಒಂದೇಟು. "ಅಯ್ಯೋ, ಹೋಳಾಯ್ತಲ್ಲ ಬುದ್ಧಿ!" ಅಂತ ದೊಡ್ಡದಾಗಿ ಲೊಚಗುಟ್ಟುವುದು. ತಾತ ತಿರುಗಿ ನೋಡಿ, ಏನೂ ಹೇಳದೆ ಮತ್ತೆ ಅತ್ತ ತಿರುಗುತ್ತಿದ್ದರು. ಹೊಸ ಕೊಬ್ಬರಿಯ ಆ ಹೋಳು, ಜೊತೆಗೆ ಅಚ್ಚುಬೆಲ್ಲದ ತುಂಡು. ಹಲ್ಲಿಗೆ ಮೊದಲು ಗಟ್ಟಿ, ಅಗಿದಂತೆ ಎಣ್ಣೆ ಬಿಟ್ಟು ಹಾಲಾಗುವುದು. ಅದರ ರುಚಿಯನ್ನು ಇನ್ನೂ ಬರೆದರೆ ಕೆಡುತ್ತದೆ.

ಬರೆಯಲೇಬೇಕಾದ್ದು ಬೇರೆ ಇದೆ. ಅಜ್ಜಿ ಮನೆ, ಬೇಸಿಗೆ ರಜೆ ಅಂತ ಶುರು ಮಾಡಿದವರೆಲ್ಲ (ನಾನೂ ಸೇರಿ, ಇದೇ ವಿಷಯ ಎಷ್ಟೋ ಸಲ ಬಾಯಲ್ಲಿ ಹೇಳಿದ್ದೇನೆ) ಅದನ್ನು ಬಿಟ್ಟು ಹೇಳುತ್ತೇವೆ. ಹನ್ನೊಂದು ಗಂಟೆಗೆ ಕಾಫಿ ಬರುತ್ತಿತ್ತು. ನಮಗೆ, ಮಾವನಿಗೆ, ಸುಲಿಯುವ ಅಣ್ಣಂದಿರಲ್ಲಿ ಕೆಲವರಿಗೆ ಲೋಟದಲ್ಲಿ. ಚಿಪ್ಪು ಒಡೆಯುವ ಆ ಹೆಂಗಸರಿಗೆ ಕರಟದಲ್ಲಿ. ಅವರು ಊರಾಚೆಯ ಕೇರಿಯವರು. ಗಾಜಿನ ಚೂರಿನಿಂದ ಕೆರೆದು ನುಣ್ಣಗೆ ಮಾಡಿದ ಕರಟಗಳನ್ನು ಅವರೇ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿ ಇಟ್ಟುಕೊಂಡಿದ್ದರು. ಅಜ್ಜಿ ಚೊಂಬನ್ನು ಒಂದು ಗೇಣು ಮೇಲೆ ಹಿಡಿದು ಹುಯ್ಯುತ್ತಿದ್ದಳು, ಒಂದು ಹನಿಯೂ ಚೆಲ್ಲದ ಹಾಗೆ.

ನನಗೆ ಏಳು ವರ್ಷ. ಕಪ್ಪಗೆ ಮಿರುಗುವ ಆ ಬಟ್ಟಲು ನಮ್ಮ ತಗ್ಗುಬಿದ್ದ ಲೋಟಕ್ಕಿಂತ ಎಷ್ಟು ಚೆನ್ನಾಗಿದೆ ಅನ್ನಿಸಿತು. ನನಗೂ ಕರಟದಲ್ಲೇ ಕೊಡು ಅಂತ ಹಟ ಹಿಡಿದೆ. ಅಜ್ಜಿ ಕೇಳಿಸದ ಹಾಗೆ ಒಳಗೆ ಹೋದಳು. ಅಮ್ಮ ಬಂದು ಬೆನ್ನಿಗೆ ಒಂದು ಕೊಟ್ಟಳು. ಆ ಮುದುಕಿ ಜೋರಾಗಿ ನಕ್ಕಳು. "ನಿಮಗ್ಯಾಕೆ ಬುದ್ಧಿ ಇದು, ಬಾಯಿ ಸುಟ್ಕಂತೀರ" ಅಂದಳು. ನನಗೆ ಹೋಳು ಕೊಟ್ಟವಳು, ನನ್ನ ಅಜ್ಜಿಗಿಂತ ಹಿರಿಯಳು, ಏಳು ವರ್ಷದ ನನಗೆ ಬುದ್ಧಿ ಅನ್ನುತ್ತಿದ್ದಳು. ನಾನು ಅವಳನ್ನು ಹೆಸರು ಹಿಡಿದು, ಹೋಗೇ ಬಾರೇ ಅಂತ ಕರೆಯುತ್ತಿದ್ದೆ. ಯಾರೂ ಬೆನ್ನಿಗೆ ಕೊಡಲಿಲ್ಲ.

ಮಂಡಿಗೆ ಹೋಗುವ ದಿನ ತಾತ ಬೆಳಗಿನ ಜಾವವೇ ಮೂಟೆಗಳನ್ನು ಗಾಡಿಗೆ ಹೇರಿಸಿಕೊಂಡು ಹೊರಡುತ್ತಿದ್ದರು. ನಮ್ಮನ್ನು ಕರೆದುಕೊಂಡು ಹೋದದ್ದು ಒಂದೇ ಸಲ, ಅದರಲ್ಲೂ ನನಗೆ ನೆನಪಿರುವುದು ಅಲ್ಲಿ ಕುಡಿದ ಗೋಲಿ ಸೋಡಾ. ಸಂಜೆ ಅವರು ಹಿಂದಿರುಗಿ ಜಗಲಿಯಲ್ಲಿ ಕೂತು, ಜೇಬಿನಿಂದ ಮಂಡಿಯ ಪಟ್ಟಿ ತೆಗೆದು ಓದುವಾಗ ಮನೆಯವರೆಲ್ಲ ಅವರ ಮುಖ ಓದುತ್ತಿದ್ದರು. ಬೆಲೆ ಬಂದಿದ್ದರೆ ಮಾರನೆಯ ದಿನ ಒತ್ತುಶ್ಯಾವಿಗೆ.

ಒತ್ತುಶ್ಯಾವಿಗೆ ಮಾಡುವುದೆಂದರೆ ಮನೆಯಲ್ಲಿ ಒಂದು ಸಣ್ಣ ಜಾತ್ರೆ. ಅಕ್ಕಿ ಹಿಟ್ಟಿನ ಉಂಡೆ ಬೇಯಿಸಿ, ಬಿಸಿ ಇಳಿಯುವ ಮುಂಚೆ ಶ್ಯಾವಿಗೆ ಒರಳಿಗೆ ತುಂಬಿ ಒತ್ತಬೇಕು. ಆ ಒರಳಿಗೆ ಮಾರುದ್ದದ ಮರದ ಸನ್ನೆ. ಸನ್ನೆಯ ತುದಿಗೆ ಭಾರ ಬೇಕು, ಭಾರ ಅಂದರೆ ನಾವು. ತಂಗಿ, ನಾನು, ಮಾವನ ಮಕ್ಕಳಿಬ್ಬರು, ನಾಲ್ಕು ಜನ ಬಾವಲಿಗಳ ಹಾಗೆ ಜೋತುಬಿದ್ದರೆ ಕೆಳಗೆ ತಟ್ಟೆಗೆ ಎಳೆಎಳೆಯಾಗಿ ಇಳಿಯುತ್ತಿತ್ತು. ಉಂಡೆ ತಣ್ಣಗಾದರೆ ಅತ್ತೆಯೂ ಬಂದು ಸನ್ನೆಯ ಮೇಲೆ ಕೂರುತ್ತಿದ್ದರು. ಆಗ ಸನ್ನೆ ಒಂದೇ ಸಲ ಕುಸಿದು ಎಲ್ಲರೂ ನೆಲಕ್ಕೆ. ಅದಕ್ಕೆ ಕಾಯಿಹಾಲು: ಹಸಿ ಕಾಯಿ, ಗಸಗಸೆ ರುಬ್ಬಿ ಹಿಂಡಿ, ಬೆಲ್ಲ, ಏಲಕ್ಕಿ ಹಾಕಿದ್ದು. ಆ ಕಾಯಿ ಕೂಡ ಅಜ್ಜಿ ಕೆಳಗೆ ಬಿದ್ದದ್ದನ್ನೋ ಸೀಳಿದ್ದನ್ನೋ ಹುಡುಕಿ ತರುತ್ತಿದ್ದಳು. ಸಾವಿರಾರು ಕಾಯಿ ತಲೆಯ ಮೇಲಿಟ್ಟುಕೊಂಡ ಮನೆಯಲ್ಲಿ ಒಳ್ಳೆಯ ಕಾಯಿ ಸಾರಿಗೆ ಬಿದ್ದದ್ದನ್ನು ನಾನು ನೋಡಿಲ್ಲ.

ಅಜ್ಜಿ ಮಧ್ಯಾಹ್ನ ಮಲಗಿದ್ದನ್ನೂ ನೋಡಿಲ್ಲ. ನಮಗೆ ರಜೆ, ಅವಳಿಗೆ ಬೇಸಿಗೆ. ಹುಣಸೆಹಣ್ಣು ಕುಟ್ಟಿ ಬೀಜ ತೆಗೆದು ಉಪ್ಪು ಹಾಕಿ ಮಡಕೆಗೆ ತುಂಬುವುದು, ಸಂಡಿಗೆ, ಬಾಳಕದ ಮೆಣಸಿನಕಾಯಿ, ಹುರಿಹಿಟ್ಟು. ಊರ ಕೆರೆ ಒಣಗಿದ ಹೊತ್ತಿಗೆ ಗೋಡು ಹೊಡೆಯುವ ಕೆಲಸ ಬೇರೆ: ಕೆರೆಯ ಮಣ್ಣು ತುಂಬಿದ ಗಾಡಿಗಳು ಬೆಳಗಿನಿಂದ ತೋಟಕ್ಕೆ, ಗಾಡಿಯವರಿಗೆಲ್ಲ ಮುದ್ದೆ. ಭರಣಿ ಮಳೆ ಬಿದ್ದರೆ ಮುಗಿಯಿತು. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅಂತ ಗಾದೆ ಹೇಳುತ್ತಾ ಮಾರನೇ ದಿನವೇ ಹೊಲಕ್ಕೆ ನೇಗಿಲು, ಹೆಸರುಕಾಳು ಬಿತ್ತನೆ. ಅಷ್ಟೆಲ್ಲದರ ನಡುವೆ ಮಗಳು ಮೊಮ್ಮಕ್ಕಳ ಜೊತೆ ಒಂದೂವರೆ ತಿಂಗಳು ಬಂದು ಕೂತರೆ ಅಜ್ಜಿಗೆ ನಿಜವಾಗಿ ಏನನ್ನಿಸುತ್ತಿತ್ತೋ. ಖುಷಿಯೇ ಇದ್ದಿರಬೇಕು. ಬರೀ ಖುಷಿಯೇ ಇತ್ತು ಅಂತ ಬರೆಯಲು ಮಾತ್ರ ಈಗ ಕೈ ಬರುವುದಿಲ್ಲ. ನನ್ನದೇ ಮನೆಗೆ ನಾಲ್ಕು ದಿನಕ್ಕೆ ನೆಂಟರು ಬಂದರೆ ಮೂರನೇ ದಿನ ನಾನು ಏನಾಗುತ್ತೇನೆ ಅಂತ ನನಗೆ ಗೊತ್ತು.

2006ರಲ್ಲಿ ಕೆಲಸದ ಮೇಲೆ ಎರಡು ವರ್ಷ ದೆಹಲಿಯಲ್ಲಿದ್ದೆ. ಒಂದು ದಿನ ಹಳೆ ದೆಹಲಿಯ ಮಸಾಲೆ ಪೇಟೆ ಖಾರಿ ಬಾವ್ಲಿಯ ಗಲ್ಲಿಗಳಲ್ಲಿ ತಿರುಗುತ್ತಿದ್ದಾಗ, ಒಣಮೆಣಸಿನ ಘಾಟಿಗೆ ಕೆಮ್ಮುತ್ತಾ ಒಂದು ಅಂಗಡಿಯ ಮುಂದೆ ನಿಂತೆ. ಗೋಣಿಚೀಲದಲ್ಲಿ ಕಂದು ಉಂಡೆಗಳು. ಅಲ್ಲಿ ಅದಕ್ಕೆ ಗೋಲಾ ಅನ್ನುತ್ತಾರೆ. ಹಬ್ಬಕ್ಕೆ, ಮದುವೆಗೆ, ಬಾದಾಮಿ ದ್ರಾಕ್ಷಿಯ ಪಕ್ಕದಲ್ಲಿ ಅದಕ್ಕೊಂದು ಜಾಗ. ಒಂದನ್ನು ಎತ್ತಿ ಮೂಸಿದೆ. ನಡುಮನೆಯ ವಾಸನೆ. ಅಂಗಡಿಯವನು 'ಟಿಪ್ಟೂರ್ ಕಾ ಮಾಲ್' ಅಂದ. ಅದು ನನ್ನ ಊರು ಅಂತ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಹೇಳಿದರೆ ಬೆಲೆ ಕಡಿಮೆ ಮಾಡಬಹುದು ಅಂದುಕೊಂಡಿದ್ದೆ, ಮಾಡಲಿಲ್ಲ. ಒಂದು ಉಂಡೆ ಕೊಂಡೆ. ಹುಟ್ಟಿದಾಗಿನಿಂದ ಅದೇ ಮೊದಲ ಸಲ ನಾನು ಇಡೀ ಉಂಡೆ ತಿಂದದ್ದು. ಹೋಳಿನಷ್ಟು ರುಚಿ ಇರಲಿಲ್ಲ, ಅಥವಾ ಹಾಗನ್ನುವುದು ನನ್ನ ಹಟವೇ ಇರಬಹುದು.

ತಾತ ಅಷ್ಟರಲ್ಲಿ ಹೋಗಿದ್ದರು. ಅವರ ಕೊನೆಯ ವರ್ಷಗಳನ್ನು ತಿಂದದ್ದು ನುಸಿ. 1998ರಲ್ಲಿ ಕೇರಳದಲ್ಲಿ ಮೊದಲು ಕಾಣಿಸಿದ ಆ ಹುಳು ಒಂದೆರಡು ವರ್ಷದೊಳಗೆ ನಮ್ಮ ಕಡೆಗೂ ಬಂತು. ಬರಿಗಣ್ಣಿಗೆ ಕಾಣುವುದೇ ಇಲ್ಲ. ಎಳೆ ಕಾಯಿಯ ತೊಟ್ಟಿನ ಅಡಿ ಸೇರಿ ರಸ ಹೀರುತ್ತದೆ. ಕಾಯಿ ಬೆಳೆದಂತೆ ಮೈಯೆಲ್ಲ ಕಂದುಗಟ್ಟಿ, ಬಿರುಕು ಬಿಟ್ಟು, ಮುಷ್ಟಿಯಷ್ಟಕ್ಕೇ ನಿಲ್ಲುತ್ತದೆ. ಬೇವಿನೆಣ್ಣೆ, ಬೆಳ್ಳುಳ್ಳಿ, ಸೋಪು ಕಲಸಿ ಸಿಂಪಡಿಸಿ ಅಂದರು. ನಲವತ್ತು ಅಡಿ ಮರದ ತಲೆಗೆ ಯಾರು ಸಿಂಪಡಿಸುತ್ತಾರೆ? ತಾತ ಎಂದಿನಂತೆ ಕಾಯಿ ಅಟ್ಟಕ್ಕೆ ಹಾಕಿದರು, ಎಂದಿನಂತೆ ಕಿವಿಗಿಟ್ಟು ಅಲ್ಲಾಡಿಸಿದರು. ಕಿವಿಯೂ ಮಂದವಾಗಿತ್ತು. "ಯಾಕೋ ಈ ಸಲ ಮಾತೇ ಆಡ್ತಿಲ್ಲ" ಅಂತ ಮಾವನ ಕೈಗೆ ಕೊಡುತ್ತಿದ್ದರಂತೆ. ಮಾವ ಅಲ್ಲಾಡಿಸಿ, ಗಟಗಟ ಅಂದರೂ ಅನ್ನದಿದ್ದರೂ, "ಆಗೈತೆ ಕಣಪ್ಪ" ಅನ್ನುತ್ತಿದ್ದರಂತೆ.

ಆಮೇಲೆ ಮಾವ ಎಳನೀರಿಗೆ ತಿರುಗಿದರು. ನಾನು ಅದನ್ನು ತಪ್ಪು ಅನ್ನಲಾರೆ. ಟೆಂಪೊ ತೋಟದೊಳಕ್ಕೇ ಬರುತ್ತದೆ, ಅವರೇ ಕೀಳುತ್ತಾರೆ, ಎಣಿಸಿ ದುಡ್ಡು ಕೈಗಿಟ್ಟು ಹೋಗುತ್ತಾರೆ. ಬಲಿಯುವುದನ್ನು ಕಾಯಬೇಕಿಲ್ಲ, ಒಣಗುವುದನ್ನು ಕಾಯಬೇಕಿಲ್ಲ, ಇಲಿ ಕಾಯಬೇಕಿಲ್ಲ. ಅಟ್ಟ ಖಾಲಿಯಾಯಿತು. ಅಜ್ಜಿ ಇರುವವರೆಗೂ, ಮೇಲೆ ಸದ್ದಿಲ್ಲ, ನಿದ್ದೆ ಬರುತ್ತಿಲ್ಲ ಅಂತ ಜಗಲಿಯಲ್ಲಿ ಮಲಗುತ್ತಿದ್ದಳು. 2025ರಲ್ಲಿ ಕೊಬ್ಬರಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಮಾವ ಫೋನ್ ಮಾಡಿದರು. "ಬೆಲೆ ಇಲ್ದಾಗ ಅಟ್ಟ ತುಂಬಿತ್ತು. ಈಗ ನೋಡು, ಇಲಿನೂ ಇಲ್ಲ" ಅಂತ ನಕ್ಕರು.

ಮುಂದಿನ ಬೇಸಿಗೆಗೆ ಊರಿಗೆ ಹೋದೆ, ಎರಡು ದಿನಕ್ಕೆ. ರೈಲು ಈಗ ಅರಳಗುಪ್ಪೆಯಲ್ಲಿ ನಿಲ್ಲಲಿಲ್ಲ. ಮಾವ ಎಂಟು ಮರದ ಕಾಯಿ ಎಳನೀರಿಗೆ ಕೊಡದೆ ಬಲಿಯಲು ಬಿಟ್ಟಿದ್ದರು. ಅಂಗಳದಲ್ಲಿ ಸಣ್ಣದೊಂದು ರಾಶಿ. ಕೀಳಲು ಬಂದವರಿಗೆ ಅತ್ತೆ ಕಾಫಿ ತಂದರು, ಪೇಪರ್ ಲೋಟದಲ್ಲಿ. ತೊಳೆಯೋ ತಾಪತ್ರಯ ಇಲ್ಲ ನೋಡು ಅಂದರು. ಬಂದವರು ಯಾವ ಕೇರಿಯವರು ಅಂತ ನಾನು ಕೇಳಲಿಲ್ಲ. ನನಗೆ, ಮಾವನಿಗೆ ಸ್ಟೀಲ್ ಲೋಟದಲ್ಲೇ ಬಂತು. ಒಂದು ಪೇಪರ್ ಲೋಟ ಮಿಕ್ಕಿತ್ತು, ನನಗೂ ಅದರಲ್ಲೇ ಕೊಡಿ ಅತ್ತೆ ಅನ್ನಬಹುದಿತ್ತು. ಕಾಫಿ ಆರುತ್ತದೆ ಅಂತ ಕುಡಿದುಬಿಟ್ಟೆ.

ಬಿಸಿಲು ಇಳಿದ ಮೇಲೆ ಕೆಲಸ ಶುರುವಾಯಿತು. ಮಾವನಿಗೆ ಈಗ ಮಂಡಿನೋವು, ಏಣಿ ಹತ್ತಲಾಗುವುದಿಲ್ಲ, ಹಾಗಾಗಿ ಹತ್ತಿದ್ದು ನಾನು. ಬಿದಿರಿನ ಗಳು ಎರಡು ಕಡೆ ಗೆದ್ದಲು ತಿಂದಿದ್ದವು. ಅಲ್ಲಿ ಹಳೆಯ ಬಾಗಿಲೊಂದನ್ನು ಅಡ್ಡ ಹಾಕಿದ್ದರು. ಮಾವ ಕೆಳಗಿನಿಂದ ಮೊದಲ ಕಾಯಿ ಎಸೆದರು. ಹಿಡಿದೆ, ಮೂಲೆಗೆ ತಳ್ಳಿದೆ, ಅದು ಉರುಳಿ ಗೋಡೆಗೆ ತಾಗಿತು.

"ಎಣಿಸ್ಲಾ" ಅಂದರು ಮಾವ.

"ಲಾಭ" ಅಂದೆ.